ಪದಚರ್ಚೆ: ನಕ್ಷೆ ಹಿಡಿದು ಓಡುವವರಿಗೆ ಕನ್ನಡದ ಪದಗಳು (ನಿಶಾನೆ, ದರೆ, ಪಾರೆ, ಬಲ್ಲೆ)

ಎಲ್ಲರಿಗೂ ನಮಸ್ಕಾರ.

ಉಡುಪಿ, ಮಂಗಳೂರು ಕಡೆಯ ಓರಿಯೆಂಟಿಯರಿಂಗ್ ಸಂಘ ನಡೆಸುವವರಲ್ಲಿ ನಾನೂ ಒಬ್ಬಳು. ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಕೈಯಲ್ಲಿ ನಕ್ಷೆ ಮತ್ತು ದಿಕ್ಸೂಚಿ ಇರುತ್ತದೆ. ನಕ್ಷೆಯಲ್ಲಿ ಗುರುತು ಮಾಡಿದ ಜಾಗಗಳನ್ನು ಹೇಳಿದ ಕ್ರಮದಲ್ಲೇ ಮುಟ್ಟಿ ಬರಬೇಕು. ಯಾವ ದಾರಿಯಲ್ಲಿ ಹೋಗಬೇಕು ಅನ್ನುವುದು ಓಡುವವರಿಗೆ ಬಿಟ್ಟದ್ದು. ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳಿಗಾಗಿ ನಾವೀಗ ನಿಯಮಗಳನ್ನೂ ನಕ್ಷೆಯ ಚಿಹ್ನೆಗಳ ಪಟ್ಟಿಯನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇವೆ. ಕೆಲವು ಪದ ಸಲೀಸಾಗಿ ಸಿಕ್ಕಿವೆ. ಕೆಲವಕ್ಕೆ ನಿಮ್ಮ ಸಹಾಯ ಬೇಕು.

ಆಟದ ಹೆಸರಿನಿಂದಲೇ ಶುರು ಮಾಡುತ್ತೇನೆ. ಈ ಹೆಸರು 19ನೇ ಶತಮಾನದ ಕೊನೆಯಲ್ಲಿ ಸ್ವೀಡನ್ನಿನ ಸೈನಿಕ ತರಬೇತಿಯಲ್ಲಿ ಹುಟ್ಟಿದ್ದು. 1897ರಲ್ಲಿ ನಾರ್ವೆಯಲ್ಲಿ ಸಾರ್ವಜನಿಕರ ಮೊದಲ ಸ್ಪರ್ಧೆ ನಡೆಯಿತು. 1961ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಆಯಿತು. ಕನ್ನಡಕ್ಕೆ ‘ದಿಕ್ಕೋಟ’ ಎಂದು ಒಬ್ಬರು ಸೂಚಿಸಿದ್ದಾರೆ. ಕೇಳಲು ಚಂದ, ಆದರೆ ನನಗೆ ಅದರ ಹಿಂದೆಯೇ ‘ದಿಕ್ಕಾಪಾಲು’, ‘ದಿಕ್ಕೆಟ್ಟು ಓಡು’ ಕೇಳಿಸುತ್ತದೆ. ಆಟದ ಉದ್ದೇಶ ಅದಕ್ಕೆ ಪೂರ್ತಿ ಉಲ್ಟಾ ಅಲ್ವಾ? ‘ನಕ್ಷೆಯೋಟ’ ವಾಸಿ. ಮಕ್ಕಳಿಗೆ ಒಂದೇ ಸಲಕ್ಕೆ ಅರ್ಥವಾಗುತ್ತದೆ. ಒಂದು ತೊಡಕು ಮಾತ್ರ ಇದೆ. ಈ ಆಟದ ಒಂದು ಬಗೆಯಲ್ಲಿ ಓಟವೇ ಇಲ್ಲ. ದಾರಿಯಲ್ಲೇ ನಿಂತು ನೋಡಿ, ನಕ್ಷೆಗೆ ಸರಿಹೊಂದುವ ಗುರುತು ಯಾವುದೆಂದು ಹೇಳಬೇಕು. ಗಾಲಿಕುರ್ಚಿಯಲ್ಲಿ ಇರುವವರೂ ಎಲ್ಲರ ಜೊತೆ ಸಮವಾಗಿ ಆಡುತ್ತಾರೆ. ಅವರನ್ನು ಹೊರಗಿಡುವ ಹೆಸರು ಸಂಘಕ್ಕೆ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 1960ರ ಸಂಘಗಳ ನೋಂದಣಿ ಕಾಯ್ದೆಯ ಕಾಗದಪತ್ರದಲ್ಲಿ ‘ಓರಿಯೆಂಟಿಯರಿಂಗ್’ ಇರಲಿ, ಓಟದ ಸ್ಪರ್ಧೆಯ ಪೋಸ್ಟರಿನಲ್ಲಿ ‘ನಕ್ಷೆಯೋಟ’ ಇರಲಿ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಬೈಲಾ ಇವೆಲ್ಲ ಹೇಗೂ ಇವೆ. ಅಲ್ಲಿ ಚರ್ಚೆ ಬೇಕಿಲ್ಲ.

ಈಗ ‘ಕಂಟ್ರೋಲ್’. ಮುಟ್ಟಬೇಕಾದ ಜಾಗಕ್ಕೆ ಈ ಆಟದಲ್ಲಿ ಹಾಗೆ ಹೇಳುತ್ತಾರೆ. ಅಲ್ಲಿ ಕಿತ್ತಳೆ ಮತ್ತು ಬಿಳಿ ಬಣ್ಣದ, ಮೂರು ಮುಖದ, ಅಡ್ಡಕ್ಕೂ ಉದ್ದಕ್ಕೂ 30 ಸೆಂಟಿಮೀಟರಿನ ಬಟ್ಟೆ ತೂಗುತ್ತಿರುತ್ತದೆ. ಕಂಟ್ರೋಲ್ ಅಂದರೆ ಮಕ್ಕಳಿಗೆ ತೋಚುವುದು ಹತೋಟಿ. ‘ನಿಯಂತ್ರಣ ಬಿಂದು’ ಅಂದರೆ ಏನೂ ತೋಚುವುದಿಲ್ಲ. ನನ್ನ ಆಯ್ಕೆ ‘ನಿಶಾನೆ’. ಕಂಬಳದ ಕನೆಹಲಗೆ ಓಟದಲ್ಲಿ (ಓಡಿಸುವವನು ಕೋಣಗಳು ಎಳೆಯುವ ಹಲಗೆಯ ಮೇಲೆ ನಿಲ್ಲುವ ಬಗೆ) ಕೋಣಗಳ ಹಿಂದೆ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. ನಮ್ಮ ಮಕ್ಕಳಿಗೆ ನಿಶಾನೆ ಅಂದರೆ ಮುಟ್ಟಬೇಕಾದದ್ದು ಎಂದೇ ಅರ್ಥ. ಘಟ್ಟದ ಮೇಲಿನವರಿಗೂ ಇದು ಹೊಸದಲ್ಲ. ಮೈಸೂರು ದಸರೆಯಲ್ಲಿ ಬಾವುಟ ಹೊತ್ತು ಮುಂದೆ ನಡೆಯುವುದು ನಿಶಾನೆ ಆನೆ ತಾನೆ? ಎರಡೂ ಕಡೆ ಬದುಕಿರುವ ಪದ ಸಿಕ್ಕಿರುವಾಗ ಸುಮ್ನೆ ಹೊಸದನ್ನು ಕಟ್ಟುವುದು ಯಾಕೆ?

ಕಂಬಳದಲ್ಲಿ ಕೋಣಗಳು ಹೊರಡುವ ತುದಿಗೆ ಗಂತು, ಓಟ ಮುಗಿಯುವ ತುದಿಗೆ ಮಂಜೊಟ್ಟಿ ಎನ್ನುತ್ತಾರೆ. ಇವೆರಡನ್ನೂ ತರುವ ಆಸೆ ನನಗೆ ತುಂಬಾ ಇದೆ. ಆದರೆ ರಾಯಚೂರಿನ ಹುಡುಗಿ ಇಲ್ಲಿಗೆ ಓಡಲು ಬಂದರೆ ಅವಳಿಗೆ ತಿಳಿಯಬೇಕಲ್ಲ. ನಿಮ್ಮ ಕಡೆ ಎತ್ತಿನ ಓಟದಲ್ಲಿ ಈ ಎರಡು ತುದಿಗಳಿಗೆ ಏನು ಹೇಳುತ್ತಾರೆ? ಎಲ್ಲರಿಗೂ ಹೊಂದುವ ಜೋಡಿ ಪದ ಇದ್ದರೆ ತಿಳಿಸಿ.

ನಿಜವಾದ ಕೆಲಸ ಇರುವುದು ನೆಲದ ಪದಗಳಲ್ಲಿ. ಈ ನಕ್ಷೆಗಳಲ್ಲಿ ಬಣ್ಣಕ್ಕೆ ಬೇರೆಯೇ ಅರ್ಥವಿದೆ. ಹಳದಿ ಅಂದರೆ ಬಯಲು ಜಾಗ. ಬಿಳಿ ಅಂದರೆ ಖಾಲಿ ಜಾಗ ಅಲ್ಲ, ಸಲೀಸಾಗಿ ಓಡಬಹುದಾದ ಕಾಡು. ಹಸಿರು ಗಾಢವಾದಷ್ಟೂ ಓಟ ನಿಧಾನ. ಕಡುಹಸಿರಿನಲ್ಲಿ ಕೊಸರಾಡಿಕೊಂಡೇ ನುಗ್ಗಬೇಕು. ಇದಕ್ಕೆ ‘ದಟ್ಟ ಸಸ್ಯವರ್ಗ’ ಎಂದು ಬರೆದುಕೊಟ್ಟವರಿದ್ದಾರೆ. ನಾವು ಆಡುವುದು ‘ಬಲ್ಲೆ’. ಮುಳ್ಳಿನ ಬಲ್ಲೆ ಅಂದ ಕೂಡಲೇ ಮಗು ಸುತ್ತು ಹಾಕಿ ಹೋಗುತ್ತದೆ. ಮೈಸೂರು ಕಡೆ ‘ಮೆಳೆ’ ಇದಕ್ಕೆ ಸಮವೇ? ಇನ್ನು, ಬಿಳಿ ಕಾಡಿಗೆ ‘ಹಾಡಿ’ (ನಮ್ಮ ಕಡೆ ಊರ ಪಕ್ಕದ ಸಣ್ಣ ಕಾಡು) ಎನ್ನಬಹುದೇ? ಹಾಡಿಯಲ್ಲಿ ತರಗೆಲೆ ಗುಡಿಸಿ ಕೊಂಡೊಯ್ಯುವುದರಿಂದ ನೆಲ ಚೊಕ್ಕಟವಾಗಿರುತ್ತದೆ. ಆದರೆ ಗೇರು ಹಾಡಿಯೂ ಹಾಡಿಯೇ. ಅಲ್ಲಿ ಕೊಂಬೆಗಳು ನೆಲಕ್ಕೆ ತಾಗುವಷ್ಟು ಬಾಗಿರುತ್ತವೆ, ಓಡಲು ಆಗುವುದಿಲ್ಲ. ಮಳೆಗಾಲದ ತೊಂದರೆ ಬೇರೆ. ಅದೇ ಹಾಡಿ ಅಕ್ಟೋಬರಿನಲ್ಲಿ ಹಸಿರು, ಫೆಬ್ರವರಿಯಲ್ಲಿ ಬಿಳಿ. ಹಾಗಾಗಿ ಇಲ್ಲಿ ಜಾಗದ ಹೆಸರಿಗಿಂತ ‘ಓಡುವ ಕಾಡು, ನಡೆಯುವ ಕಾಡು, ಬಲ್ಲೆ’ ಎಂದು ಮೂರು ಪದ ಇಟ್ಟರೆ ಸಾಕು ಅನಿಸುತ್ತದೆ.

‘ದರೆ’ಯ ಕಾಗುಣಿತ ಹೇಳಿ. ಕಡಿದಾದ ಮಣ್ಣಿನ ಗೋಡೆಗೆ ಈ ನಕ್ಷೆಗಳಲ್ಲಿ ಹಲ್ಲಿರುವ ಕಂದು ಗೆರೆ ಹಾಕುತ್ತಾರೆ. ಮಳೆಗಾಲ ಬಂತೆಂದರೆ ಪೇಪರಿನಲ್ಲಿ ‘ಧರೆ ಕುಸಿತ’ ಎಂಬ ಸುದ್ದಿ. ಮಹಾಪ್ರಾಣ ಹಾಕಿದರೆ ಅದು ಭೂಮಿಯೇ ಆಗಿಬಿಡುತ್ತದೆ. ಜನ ಆಡುವುದು ಅಲ್ಪಪ್ರಾಣದಲ್ಲಿ. ನಾನು ‘ದರೆ’ ಎಂದೇ ಬರೆಯುತ್ತಿದ್ದೇನೆ. ಸುಳ್ಯ, ಕೊಡಗಿನ ಕಡೆ ‘ಬರೆ ಕುಸಿತ’ ಎನ್ನುತ್ತಾರೆ. ದರೆ, ಬರೆ ಎರಡೂ ಒಂದೇ ಬಗೆಯ ನೆಲವೋ, ಅಥವಾ ರಸ್ತೆಗೆ ಕಡಿದ ಗೋಡೆಗೆ ಒಂದು, ತಾನಾಗಿ ಇರುವುದಕ್ಕೆ ಇನ್ನೊಂದೋ?

‘ಬಂಡೆ’ ನಮಗೆ ಸಾಲದು. ಒಂಟಿಯಾಗಿ ಎದ್ದು ನಿಂತದ್ದೂ ಬಂಡೆ, ನೆಲಕ್ಕೆ ಹಾಸಿದಂತೆ ಇರುವುದೂ ಬಂಡೆ. ನಕ್ಷೆಯಲ್ಲಿ ಮೊದಲನೆಯದು ಕಪ್ಪು ಚುಕ್ಕೆ, ಎರಡನೆಯದು ಬೂದು ಬಣ್ಣ. ಹಾಸಿದ್ದಕ್ಕೆ ‘ಪಾರೆ’, ನಿಂತದ್ದಕ್ಕೆ ‘ಗುಂಡುಕಲ್ಲು’ ಎಂದು ಹಂಚಿದ್ದೇನೆ. ಸಾಲದ ಇನ್ನೊಂದು ಪದ ‘ಗುಡ್ಡ’. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡಗಳ ನೆತ್ತಿ ಎಷ್ಟೋ ಕಡೆ ಚಪ್ಪಟೆ. ಬಜ್ಪೆಯ ವಿಮಾನ ನಿಲ್ದಾಣವನ್ನು ಟೇಬಲ್‌ಟಾಪ್ ಎನ್ನುವುದು ಇದಕ್ಕೇ. ಆ ಚಪ್ಪಟೆ ನೆತ್ತಿಗೆ ‘ಪದವು’ ಎಂಬ ಪದ ಇದೆ, ಮಂಗಳೂರಿನ ಪದವಿನಂಗಡಿಯ ಹೆಸರಿನಲ್ಲೇ ಕೂತಿದೆ. ಕುಂದಾಪುರದವರು ಇದನ್ನು ಒಪ್ಪುತ್ತಾರೆಯೇ?

‘ಕೋರೆ’ ಮಾತ್ರ ಚರ್ಚೆಯಿಲ್ಲದೆ ಇರಲೇಬೇಕು. ಮುರಕಲ್ಲು ಕಡಿದ ಹೊಂಡಗಳ ಗೋಡೆ ನೆಟ್ಟಗೆ ಇರುತ್ತದೆ. ಮಳೆನೀರು ತುಂಬಿದ ಮೇಲೆ ಆಳ ಗೊತ್ತಾಗುವುದಿಲ್ಲ. ‘ಕಲ್ಲುಗಣಿ’ ಎಂದು ಬರೆದರೆ ಮಗು ಓದಿ ಮುಂದೆ ಹೋಗುತ್ತದೆ. ‘ಕೋರೆ’ ಎಂದರೆ ಮನೆಯವರು ಹೇಳಿದ ಎಚ್ಚರಿಕೆ ನೆನಪಾಗುತ್ತದೆ. ನಾಗಬನದ್ದೂ ಹೀಗೆಯೇ. ಕಾಲಿಡಬಾರದ ಜಾಗಕ್ಕೆ ನಕ್ಷೆಯಲ್ಲಿ ಒಂದು ಬಗೆಯ ಕಂದುಹಸಿರು ಇದೆ. ಅದರ ಅರ್ಥ ಹೇಳುವಾಗ ‘ಪ್ರವೇಶ ನಿಷಿದ್ಧ ವಲಯ’ಕ್ಕಿಂತ ‘ಬನ, ಒಳಗೆ ಹೋಗಬಾರದು’ ಎಂದರೆ ಹೆಚ್ಚು ಕೆಲಸ ಮಾಡುತ್ತದೆ.

ದಿಕ್ಕುಗಳ ವಿಷಯದಲ್ಲಿ ನಾವು ಪುಣ್ಯವಂತರು. ನಿಶಾನೆ ಎಲ್ಲಿದೆ ಎಂದು ಹೇಳುವ ಚೀಟಿಯಲ್ಲಿ ‘ಗುಂಡುಕಲ್ಲು, ಉತ್ತರ ಪಾರ್ಶ್ವ’ ಎಂಬ ಬಗೆಯ ಸಾಲು ಬರುತ್ತದೆ. ನಾನು ‘ಗುಂಡುಕಲ್ಲು, ಬಡಗು ಬದಿ’ ಎಂದು ಬರೆದಿದ್ದೇನೆ. ಮೂಡಬಿದಿರೆ, ಪಡುಬಿದ್ರಿ, ತೆಂಕನಿಡಿಯೂರು, ಬಡಾನಿಡಿಯೂರು ಎಂದು ಊರುಗಳೇ ದಿಕ್ಕು ಹೇಳುವ ಸೀಮೆ ಇದು. ಯಕ್ಷಗಾನ ನೋಡುವ ಮಗುವಿಗೆ ತೆಂಕು, ಬಡಗು ಕಲಿಸಬೇಕಿಲ್ಲ. ಇನ್ನೊಂದು ಖುಷಿಯ ವಿಷಯ. ‘ಓರಿಯೆಂಟ್’ ಪದದ ಲ್ಯಾಟಿನ್ ಮೂಲಕ್ಕೆ ‘ಮೇಲೇಳುವ’ ಎಂದು ಅರ್ಥ. ಸೂರ್ಯ ಏಳುವ ಕಡೆ ಅಂತ. ನಮ್ಮ ‘ಮೂಡು’ ಕೂಡ ಅದೇ.

ದಾರಿ ಹುಡುಕುವ ಜಾಣ್ಮೆಗೆ ಇಂಗ್ಲಿಷಿನಲ್ಲಿ ‘ಹ್ಯಾಂಡ್‌ರೈಲ್’ ಎಂಬ ಪದ ಇದೆ. ತೊರೆ, ಬೇಲಿ, ಕಾಲುದಾರಿಯಂಥ ಉದ್ದದ ಗುರುತನ್ನು ಬಿಡದೆ ಅನುಸರಿಸುವುದು. ಇದಕ್ಕೆ ಹೆಸರುಪದ ಹುಡುಕಿ ಎಲ್ಲರೂ ಸುಸ್ತಾಗಿದ್ದಾರೆ. ನನಗೆ ಅನಿಸುವುದು, ನಮ್ಮ ‘ಹಿಡಿ’ ಕ್ರಿಯಾಪದವೇ ಸಾಕು. (ತೋಡು ಅಂದರೆ ಸಣ್ಣ ತೊರೆ, ಸಂಕ ಅಂದರೆ ಅದನ್ನು ದಾಟುವ ಕಿರುಸೇತುವೆ.) “ತೋಡು ಹಿಡಿದು ಮೇಲೆ ಹೋಗು. ಸಂಕ ಸಿಕ್ಕಿದ ಮೇಲೆ ತೋಡು ಬಿಡು. ದರೆಯ ಬುಡ ಹಿಡಿದು ಮೂಡಕ್ಕೆ ಹೋಗು, ನಿಶಾನೆ ಕಾಣುತ್ತದೆ.” ಇಷ್ಟು ಹೇಳಿದರೆ ಎಂಟನೇ ತರಗತಿಯ ಮಗು ತಾನಾಗಿ ಹೋಗಿ ಬರುತ್ತದೆ. ಯಾವ ಹೊಸ ಪದವನ್ನೂ ವಿವರಿಸಬೇಕಿಲ್ಲ.

ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗೆ ‘ಸಮೋನ್ನತಿ ರೇಖೆ’ ಎಂದು ಪಠ್ಯದಲ್ಲಿದೆ, ಅಳಿಸಲಾಗದು. ಆದರೂ ಓಡುತ್ತಾ ನೆನಪಿಡುವ ಪದ ಅದಲ್ಲ. ‘ಮಟ್ಟಗೆರೆ’ ಎಂದರೆ ಹೇಗೆ? ಗುಡ್ಡದ ಬುಡದ ಗದ್ದೆಗಳನ್ನು ಮೇಲಿಂದ ನೋಡಿ. ನೀರು ಸಮನಾಗಿ ನಿಲ್ಲಬೇಕು ಎಂದೇ ಪುಣಿಗಳು (ಗದ್ದೆಯ ಬದುಗಳು) ಗುಡ್ಡದ ಮೈಗೆ ಅಂಟಿಕೊಂಡು ಒಂದೇ ಮಟ್ಟದಲ್ಲಿ ಬಳುಕುತ್ತವೆ. ನಕ್ಷೆಯ ಕಂದು ಗೆರೆಗಳೂ ಹಾಗೆಯೇ, ಸಾಮಾನ್ಯವಾಗಿ 5 ಮೀಟರ್ ಎತ್ತರಕ್ಕೆ ಒಂದು. ‘ಮಟ್ಟಗೆರೆ’ ಗಾರೆ ಕೆಲಸದಲ್ಲೋ ಬೇರೆಲ್ಲೋ ಬೇರೆ ಅರ್ಥದಲ್ಲಿ ಬಳಕೆಯಲ್ಲಿದ್ದರೆ ದಯವಿಟ್ಟು ಹೇಳಿ.

ಫಲಿತಾಂಶದ ಪಟ್ಟಿಗೂ ಒಂದು ಪದ ಬೇಕು. ನಿಶಾನೆಗಳನ್ನು ಕ್ರಮ ತಪ್ಪಿ ಮುಟ್ಟಿದವರ ಹೆಸರಿನ ಮುಂದೆ ‘ಅನರ್ಹ’ ಎಂದು ಹಾಕುವುದು ರೂಢಿ. ಮೋಸ ಮಾಡಿ ಸಿಕ್ಕಿಬಿದ್ದವರಿಗೂ ಅದೇ ಪದ. ಹನ್ನೆರಡು ವರ್ಷದ ಮಗು ಐದನೆಯದರ ಮೊದಲು ಆರನೆಯದನ್ನು ಮುಟ್ಟಿದರೆ ಅದು ಅನರ್ಹತೆ ಅಲ್ಲ. ‘ಕ್ರಮ ತಪ್ಪಿದೆ’ ಎಂದು ಬರೆಯೋಣ ಎಂದು ಸಮಿತಿಯಲ್ಲಿ ವಾದಿಸುತ್ತಿದ್ದೇನೆ. ಎರಡೇ ಪದದಲ್ಲಿ ಆಗುವ ಇನ್ನೂ ಒಳ್ಳೆಯದು ನಿಮಗೆ ಹೊಳೆದರೆ ಕೊಡಿ.

ಕೊನೆಯದು ‘ಬೆಟ್ಟು’. ಉಡುಪಿಯಲ್ಲಿ ಬೈಲು, ಮಜಲು, ಬೆಟ್ಟು ಎಂದು ಗದ್ದೆಯಲ್ಲಿ ಮೂರು ಬಗೆ. ಎತ್ತರದ, ಮಳೆನೀರನ್ನೇ ನಂಬಿದ ಗದ್ದೆ ಬೆಟ್ಟು. ಉತ್ತರ ಕನ್ನಡದಲ್ಲಿ ‘ಸೊಪ್ಪಿನ ಬೆಟ್ಟ’ ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡು. ನಮ್ಮ ನಕ್ಷೆಯಲ್ಲಿ ಒಂದು ಹಳದಿ, ಇನ್ನೊಂದು ಬಿಳಿ ಅಥವಾ ಹಸಿರು. ಶಿರಸಿ, ಕುಮಟಾ ಕಡೆಯವರು ‘ಬೆಟ್ಟು’ ಎಂದು ಓದಿದರೆ ಏನು ತಿಳಿಯುತ್ತೀರಿ? ಉತ್ತರಿಸುವಾಗ ನಿಮ್ಮ ತಾಲೂಕಿನ ಹೆಸರನ್ನೂ ಬರೆಯಿರಿ, ಯಾವ ಪದ ಎಲ್ಲಿಯವರೆಗೆ ನಡೆಯುತ್ತದೆ ಎಂದು ಗುರುತು ಹಾಕಿಕೊಳ್ಳುತ್ತಿದ್ದೇನೆ.