ಮೆಟ್ರೋನೋಮ್ ಹಾಕಿದರೆ ಕೈ ಬಿಗಿಯುತ್ತೆ, ಬೇರೆ ದಾರಿ ಇದೆಯಾ?

ತುಂಗೆಯ ದಡ (ತೀರ್ಥಹಳ್ಳಿ):

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ಒಂದು ಸಣ್ಣ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ನನಗೀಗ ಮೂವತ್ತೆಂಟು. ತಮ್ಮ ಬೆಂಗಳೂರಿಗೆ ಕೆಲಸಕ್ಕೆ ಹೋಗುವಾಗ ಅವನ ಗಿಟಾರ್ ಮನೆಯಲ್ಲೇ ಬಿಟ್ಟು ಹೋದ. ಒಂದು ವರ್ಷ ಅಟ್ಟದ ಮೇಲಿತ್ತು. ಹೋದ ದೀಪಾವಳಿಗೆ ಧೂಳು ಹೊಡೆಯಲು ಇಳಿಸಿದವಳಿಗೆ ಮತ್ತೆ ಮೇಲಿಡಲು ಮನಸ್ಸಾಗಲಿಲ್ಲ. ಕಲಿಯಲು ಶುರು ಮಾಡಿ ಎಂಟು ತಿಂಗಳಾಯ್ತು.

ಜಿ, ಸಿ, ಡಿ, ಇ ಮೈನರ್ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿಯಲು ಬರುತ್ತದೆ. ಒಂದೊಂದೇ ಕಾರ್ಡ್ ಬಾರಿಸಿದರೆ ಚೆನ್ನಾಗೇ ಕೇಳುತ್ತೆ. ಹಾಡಿಗೆ ಸೇರಿಸಿದರೆ ಮಾತ್ರ ತಾಳ ಓಡುತ್ತದೆ, ಇಲ್ಲಾ ಎಳೆಯುತ್ತದೆ. ವಿಡಿಯೋಗಳಲ್ಲಿ ಎಲ್ಲರೂ ಮೆಟ್ರೋನೋಮ್ (ಒಂದೇ ಹದದಲ್ಲಿ ಟಿಕ್ ಟಿಕ್ ಅಂತ ತಾಳ ಹೇಳುವ ಸಾಧನ) ಇಟ್ಟುಕೊಳ್ಳಿ ಅಂತಾರೆ. ಮೊಬೈಲಿಗೆ ಆ್ಯಪ್ ಹಾಕಿಕೊಂಡು ನಿಮಿಷಕ್ಕೆ 80ಕ್ಕೆ ಇಟ್ಟೆ. ಟಿಕ್ ಟಿಕ್ ಶುರುವಾದ ಕೂಡಲೇ ಭುಜ ಬಿಗಿಯುತ್ತದೆ. ಜಿಯಿಂದ ಸಿಗೆ ಬೆರಳು ಹೋಗುವಷ್ಟರಲ್ಲಿ ಟಿಕ್ ಮುಂದೆ ಹೋಗಿರುತ್ತದೆ. ಅದನ್ನು ಹಿಡಿಯಲು ಓಡುತ್ತೇನೆ, ಆಗ ಮುಂದಿನದೂ ತಪ್ಪುತ್ತದೆ.

ಇನ್ನೊಂದು ತೊಂದರೆ ನಮ್ಮ ಕಡೆಯವರಿಗೆಲ್ಲ ಗೊತ್ತಿರುವಂಥದ್ದೇ. ಪುನರ್ವಸು ಮಳೆ ಹಿಡಿದಿದೆ. ಅಂಗಡಿ ಮುಚ್ಚಿ, ಊಟ ಮುಗಿಸಿ ಗಿಟಾರ್ ಹಿಡಿಯುವಾಗ ಒಂಬತ್ತೂವರೆ. ಅಂಗಳದ ತಗಡಿನ ಮೇಲೆ ಮಳೆ ಹೊಡೆಯುತ್ತಿದ್ದರೆ ಪಕ್ಕದಲ್ಲಿ ಕೂತವರ ಮಾತೇ ಕೇಳಲ್ಲ, ಮೊಬೈಲಿನ ಟಿಕ್ ಎಲ್ಲಿ ಕೇಳಬೇಕು? ಇಯರ್‌ಫೋನ್ ಹಾಕಿದರೆ ನನ್ನ ಗಿಟಾರೇ ನನಗೆ ಕೇಳುವುದಿಲ್ಲ. ಕರೆಂಟ್ ಹೋದರೆ ಎರಡು ದಿನ ಬಾರದಿರುವುದೂ ಉಂಟು, ಚಾರ್ಜ್ ಉಳಿಸಿಕೊಳ್ಳಬೇಕು.

ಮೆಟ್ರೋನೋಮ್ ಇಲ್ಲದೆ ಲಯ ಗಟ್ಟಿ ಮಾಡಿಕೊಂಡವರು ಯಾರಾದರೂ ಇದ್ದೀರಾ? ಹೇಗೆ ಮಾಡಿದಿರಿ?

ನೆಹರೂ ರೋಡ್ ಬೇಸ್ (ಶಿವಮೊಗ್ಗ):

ಅಕ್ಕಾ, ನಾನು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಬರೀ ಟಿಕ್ ಬದಲು ಡ್ರಮ್ ಲೂಪ್ (ಮತ್ತೆ ಮತ್ತೆ ಬರುವ ಡ್ರಮ್ಮಿನ ತುಣುಕು) ಹಾಕಿ ನೋಡಿ. ಸಾಧಾರಣ ಲೂಪಿನಲ್ಲಿ ನಾಲ್ಕರ ಎಣಿಕೆಯಲ್ಲಿ ಕಿಕ್ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್) ಒಂದಕ್ಕೆ ಮತ್ತು ಮೂರಕ್ಕೆ, ಸ್ನೇರ್ (ಕೋಲಿನಿಂದ ಬಾರಿಸುವ ಚಿಕ್ಕ ಡ್ರಮ್) ಎರಡಕ್ಕೆ ಮತ್ತು ನಾಲ್ಕಕ್ಕೆ ಬೀಳುತ್ತೆ. ತಪ್ಪಿದರೂ ಎಲ್ಲಿದ್ದೇವೆ ಅಂತ ಗೊತ್ತಾಗುತ್ತೆ. ಟಿಕ್‌ನಲ್ಲಿ ಹಾಗಲ್ಲ, ಎಲ್ಲವೂ ಒಂದೇ ಥರ ಕೇಳಿದರೆ ‘ಒಂದು’ ಎಲ್ಲಿ ಅಂತ ಹುಡುಕಬೇಕು. ಭಾವಗೀತೆ ನುಡಿಸುವುದಾದರೆ ತಬಲಾ ಆ್ಯಪ್ ಇನ್ನೂ ಒಳ್ಳೆಯದು. ಕೆಹರ್ವಾ ತಾಳಕ್ಕೆ 8 ಮಾತ್ರೆ (ಎಣಿಕೆ), ದಾದ್ರಾ ತಾಳಕ್ಕೆ 6, ಇವೆರಡರಲ್ಲೇ ತುಂಬಾ ಹಾಡು ಕೂರುತ್ತವೆ.

ಆದರೆ ಡ್ರಮ್ ಸಣ್ಣಗೆ ಇಡಿ. ಜೋರಾಗಿಟ್ಟರೆ ನಮ್ಮ ತಪ್ಪೆಲ್ಲ ಅದರಡಿ ಮುಚ್ಚಿ ಹೋಗುತ್ತೆ, ನುಡಿಸಿದ್ದು ಸರಿ ಇದೆ ಅಂದುಕೊಂಡುಬಿಡುತ್ತೇವೆ. ಮಳೆಗೆ ನನ್ನ ಹತ್ತಿರ ಉಪಾಯ ಇಲ್ಲ. ಒಂದೇ ಕಿವಿಗೆ ಇಯರ್‌ಫೋನ್ ಹಾಕಿ ನೋಡಬಹುದು.

ಮದ್ದಳೆಮನೆ (ಸಾಗರ):

ತಂಗಿ, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ‘ಅದನ್ನು ಹಿಡಿಯಲು ಓಡುತ್ತೇನೆ’ ಅಂತ ಬರೆದಿದ್ದೀರಿ. ತಾಳ ಹೊರಗಿದ್ದರೆ ಹಿಂದೆ ಓಡಲೇಬೇಕು. ಅದು ನಿಮ್ಮ ಬಾಯಲ್ಲೋ ಕಾಲಲ್ಲೋ ಇದ್ದರೆ ಯಾರ ಹಿಂದೆ ಓಡುತ್ತೀರಿ?

ನಮ್ಮ ಅಪ್ಪಯ್ಯ ಮದ್ದಳೆ ಬಾರಿಸುತ್ತಿದ್ದರು. ಯಕ್ಷಗಾನ ಮೇಳಕ್ಕೆ ಹೋದವರಲ್ಲ, ಊರಿನ ಹವ್ಯಾಸಿ ಆಟ, ತಾಳಮದ್ದಳೆ ಅಷ್ಟೇ. ನನಗೆ ಆರು ವರ್ಷವಿದ್ದಾಗ ಕಲಿಸಲು ಕೂರಿಸಿಕೊಂಡರು, ಆದರೆ ಮದ್ದಳೆ ಮುಟ್ಟಲು ಬಿಡಲಿಲ್ಲ. ಜಗಲಿ ಮೇಲೆ ಎದುರು ಕೂರಿಸಿ, ನನ್ನ ಬಲಗೈ ಹಿಡಿದು ನನ್ನ ತೊಡೆಯ ಮೇಲೇ ತಟ್ಟಿಸುವುದು. ಸ್ವಲ್ಪ ಹೊತ್ತಾದ ಮೇಲೆ ಕೈ ಬಿಟ್ಟು, ಎಲೆ ಅಡಿಕೆ ಉಗುಳಲು ಅಂಗಳದಾಚೆ ಹೋಗುತ್ತಿದ್ದರು. ನಾನು ತಟ್ಟುತ್ತಲೇ ಇರಬೇಕು. ಬಾಯಿ ತೊಳೆದು ವಾಪಸ್ ಬಂದು, ಏನೂ ಮಾತಾಡದೆ, ಅವರ ಮನಸ್ಸಿನಲ್ಲಿದ್ದ ಎಣಿಕೆಗೆ ಸರಿಯಾಗಿ ತಮ್ಮ ತೊಡೆ ತಟ್ಟುತ್ತಿದ್ದರು. ಎರಡು ಕೈಯೂ ಒಟ್ಟಿಗೆ ಬಿದ್ದರೆ ತಲೆ ಅಲ್ಲಾಡಿಸುವರು. ಇಲ್ಲದಿದ್ದರೆ ಮತ್ತೆ ಮೊದಲಿನಿಂದ. ಹೀಗೆ ಒಂದು ಮಳೆಗಾಲ ಕಳೆಯಿತು. ನಾನು ಗಿಟಾರ್ ಹಿಡಿದದ್ದು ನಲವತ್ತು ದಾಟಿದ ಮೇಲೆ. ಆಗ ನನ್ನನ್ನು ಕಾಪಾಡಿದ್ದು ಆ ಒಂದು ಮಳೆಗಾಲವೇ.

ನೀವು ಹೀಗೆ ಮಾಡಿ. ಮೊದಲ ಒಂದು ವಾರ ಗಿಟಾರ್ ಗೋಡೆಗೆ ಒರಗಿಸಿಡಿ. ಆದಿ ತಾಳ ಹಾಕಿ: ಒಂದು ತಟ್ಟು, ಕಿರುಬೆರಳಿನಿಂದ ಮೂರು ಬೆರಳ ಎಣಿಕೆ, ಆಮೇಲೆ ತಟ್ಟು-ಬೀಸು, ತಟ್ಟು-ಬೀಸು. ಒಟ್ಟು ಎಂಟು ಅಕ್ಷರ. ಗಿಟಾರಿನವರು ನಾಲ್ಕು ನಾಲ್ಕಾಗಿ ಎಣಿಸುತ್ತಾರಲ್ಲ, ಅಂಥ ಎರಡು ಸುತ್ತು (ಬಾರ್) ಇದರಲ್ಲಿ ಸರಿಯಾಗಿ ಕೂರುತ್ತದೆ. ಬೆರಳು ಇರುವುದರಿಂದ ಎಲ್ಲಿದ್ದೇವೆ ಅಂತ ಕೈಯೇ ಹೇಳುತ್ತೆ. ಬಾಯಲ್ಲಿ ‘ತಕ ದಿಮಿ’ ಹೇಳಿ, ಒಂದು ಅಕ್ಷರಕ್ಕೆ ‘ತಕ’, ಮುಂದಿನದಕ್ಕೆ ‘ದಿಮಿ’. ಗಟ್ಟಿಯಾಗಿ ಹೇಳಬೇಕು, ಮನಸ್ಸಿನಲ್ಲಿ ಹೇಳಿಕೊಂಡರೆ ಕಷ್ಟದ ಜಾಗದಲ್ಲಿ ಅದು ಸುಮ್ನೆ ನಿಂತುಬಿಡುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ.

ಆಮೇಲೆ ಗಿಟಾರ್ ತೆಗೆದುಕೊಳ್ಳಿ. ಎಡಗೈ ತಂತಿಯ ಮೇಲೆ ಸುಮ್ಮನೆ ಇಟ್ಟು ಸದ್ದು ಮುಚ್ಚಿ. ‘ತ’ಕ್ಕೆ ಕೈ ಕೆಳಗೆ, ‘ಕ’ಕ್ಕೆ ಮೇಲೆ, ‘ದಿ’ಗೆ ಕೆಳಗೆ, ‘ಮಿ’ಗೆ ಮೇಲೆ. ಇದು ಕೂತ ಮೇಲೆ ಕಾರ್ಡ್ ಹಿಡಿಯಿರಿ. ಕಾರ್ಡ್ ಬದಲಾಯಿಸುವಾಗ ಬಹಳ ಜನ ಬಲಗೈ ನಿಲ್ಲಿಸಿ ಎಡಗೈಗೆ ಕಾಯುತ್ತಾರೆ. ತಾಳ ಎಳೆಯುವುದು ಅಲ್ಲೇ. ಬಲಗೈ ಯಾರಿಗೂ ಕಾಯಬಾರದು. ಕೊನೆಯ ‘ಮಿ’ಗೆ ಎಡಗೈ ತಂತಿ ಬಿಟ್ಟುಬಿಡಲಿ, ಖಾಲಿ ತಂತಿ ನುಡಿದರೆ ನುಡಿಯಲಿ, ಕೇಳಲು ಚೆನ್ನಾಗೇ ಇರುತ್ತೆ. ಮುಂದಿನ ‘ತ’ಕ್ಕೆ ಬೆರಳು ಇಳಿದರೆ ಆಯ್ತು. ಸಿ ಕಾರ್ಡಿಗೆ ಮೂರು ಬೆರಳೂ ಒಟ್ಟಿಗೆ ಬಾರದಿದ್ದರೆ ಐದನೇ ತಂತಿಯ ಮೂರನೇ ಫ್ರೆಟ್ಟಿಗೆ ಉಂಗುರ ಬೆರಳು ಮೊದಲು ಬೀಳಲಿ. ಪಿಕ್ ಮೊದಲು ತಾಗುವುದು ಅದೇ ತಂತಿಗೆ. ಉಳಿದ ಬೆರಳು ಹಿಂದೆ ಬರುತ್ತವೆ.

ಇನ್ನೊಂದು ಮಾತು. ನೀವು ಹೊಲಿಗೆಯವರು. ಕಾಲಲ್ಲಿ ತುಳಿಯುವ ಮಷೀನ್ ಇದ್ದರೆ, ಉದ್ದ ಹೊಲಿಗೆ ಹಾಕುವಾಗ ನಿಮ್ಮ ಕಾಲು ಒಂದೇ ಹದದಲ್ಲಿ ಹೋಗುತ್ತದೆ ಅಲ್ವಾ? ಆ ತುಳಿತಕ್ಕೆ ತಕದಿಮಿ ಹೇಳಿ ನೋಡಿ. ಲಯ ನಿಮ್ಮಲ್ಲಿ ಆಗಲೇ ಇದೆ, ಕೈಗೆ ತರಬೇಕು ಅಷ್ಟೇ.

ಯಕ್ಷಗಾನದ ಆಟದಲ್ಲಿ, ಹಾಡುವ ಭಾಗವತರ ಕೈಯ ತಾಳ ಯುದ್ಧದ ಪದಕ್ಕೆ ಏರುತ್ತದೆ, ದುಃಖದ ಪದಕ್ಕೆ ಇಳಿಯುತ್ತದೆ. ಮದ್ದಳೆ, ಚಂಡೆ ಎರಡೂ ಅದರ ಜೊತೆಗೇ ಹೋಗಬೇಕು. ಬರೀ ಮೆಟ್ರೋನೋಮಿನಲ್ಲಿ ಬೆಳೆದವರಿಗೆ ಈ ಏರಿಳಿತ ಕಷ್ಟ ಅಂತ ನನ್ನ ಅಭಿಪ್ರಾಯ.

ಕೊಡಚಾದ್ರಿ ಮೇಷ್ಟ್ರು (ಹೊಸನಗರ):

ಮಳೆಯ ಸದ್ದಿನಲ್ಲಿ ಕಿವಿಗೆ ಕೇಳದಿದ್ದರೆ ಕಣ್ಣಿಗೆ ಕಾಣುವ ಹಾಗೆ ಮಾಡಿಕೊಳ್ಳಿ ಮೇಡಂ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು, ಮಗಳು ಗಿಟಾರ್ ಕಲಿಯುತ್ತಿದ್ದಾಳೆ. ಜಂತಿಗೆ ಒಂದು ಮೊಳೆ ಹೊಡೆಯಿರಿ. ಗಟ್ಟಿ ದಾರಕ್ಕೆ ಒಂದು ಕಬ್ಬಿಣದ ಬೀಗ ಕಟ್ಟಿ ನೇತುಹಾಕಿ. ಮೊಳೆಯಿಂದ ಬೀಗದ ನಡುಮಧ್ಯಕ್ಕೆ 99 ಸೆಂಟಿಮೀಟರ್ ಇದ್ದರೆ, ಈ ತುದಿಯಿಂದ ಆ ತುದಿಗೆ ಹೋಗಲು ಒಂದು ಸೆಕೆಂಡ್. ಅಂದರೆ ನಿಮಿಷಕ್ಕೆ 60. ನಿಮ್ಮ 80ಕ್ಕೆ 56 ಸೆಂಟಿಮೀಟರ್, 100ಕ್ಕೆ 36, 120ಕ್ಕೆ 25. ವೇಗ ಎರಡು ಪಟ್ಟಾಗಬೇಕಾದರೆ ದಾರ ಕಾಲು ಭಾಗವಾಗಬೇಕು. ಅಳತೆಯ ಟೇಪು ನಿಮ್ಮ ಕೊರಳಲ್ಲೇ ಇರುತ್ತೆ, ಕಷ್ಟವಾಗದು.

ಬೀಗ ಎಷ್ಟೇ ಭಾರ ಇರಲಿ, ಲೆಕ್ಕ ಅದೇ. ಭಾರ ಇದ್ದರೆ ಜಾಸ್ತಿ ಹೊತ್ತು ತೂಗುತ್ತದೆ. ಜೋರಾಗಿ ತಳ್ಳಬೇಡಿ, ಉದ್ದ ದಾರಕ್ಕೆ ಒಂದು ಗೇಣು, ಗಿಡ್ಡ ದಾರಕ್ಕೆ ನಾಲ್ಕು ಬೆರಳು ಸಾಕು. ಬರಬರುತ್ತಾ ಓಲಾಟ ಕಡಿಮೆಯಾಗುತ್ತೆ, ಆದರೆ ಕಾಲ ಬದಲಾಗುವುದಿಲ್ಲ. ಎಷ್ಟು ಸಲ ಪಾಠ ಮಾಡಿದರೂ ನನಗೆ ಇದು ಇವತ್ತಿಗೂ ಸಂತೋಷ ಕೊಡುತ್ತದೆ.

ಹಳೇ ಕಾಲದವರು ಮಾಡಿದ್ದೂ ಇದನ್ನೇ. ಮೇಲ್ಜೆಲ್ ಎಂಬವರು ಮೆಟ್ರೋನೋಮಿಗೆ ಪೇಟೆಂಟ್ ಪಡೆದದ್ದು 1815ರಲ್ಲಿ. ಇಂಗ್ಲೆಂಡಿನ ಥಾಮಸ್ ಮೇಸ್ ಎಂಬ ಲ್ಯೂಟ್ (ಗಿಟಾರಿನಂಥ ಹಳೇ ತಂತಿವಾದ್ಯ) ವಾದಕರು 1676ರಲ್ಲೇ, ದಾರಕ್ಕೆ ಗುಂಡು ಕಟ್ಟಿ ತೂಗುಬಿಟ್ಟು ಅಭ್ಯಾಸ ಮಾಡಿ ಎಂದು ಬರೆದಿದ್ದರು. ಜರ್ಮನಿಯ ಕೊಳಲುವಾದಕ ಕ್ವಾಂಟ್ಸ್ 1752ರಲ್ಲಿ ಕೈನಾಡಿಯನ್ನೇ ಅಳತೆ ಮಾಡಿಕೊಂಡರು, ನಿಮಿಷಕ್ಕೆ ಸುಮಾರು 80.

ಆರು ತಂತಿ (ಭದ್ರಾವತಿ):

ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತೇನೆ. ಮದ್ದಳೆಮನೆ ಸರ್ ಹೇಳಿದ ಬಲಗೈ ಮಾತು ನೂರಕ್ಕೆ ನೂರು ನಿಜ. ಕೊನೆಯ ಅಭಿಪ್ರಾಯ ಮಾತ್ರ ಒಪ್ಪಲಾರೆ. ಮೆಟ್ರೋನೋಮ್ ಅಳಿಸಬೇಡಿ. ದಿನಾ ಬೇಡ, ವಾರಕ್ಕೊಮ್ಮೆ ಪರೀಕ್ಷೆಗೆ ಇಟ್ಟುಕೊಳ್ಳಿ. 80 ನಿಮಗೆ ಈಗ ಜಾಸ್ತಿ, 50ರಿಂದ ಶುರು ಮಾಡಿ. ಮುಂದೆ 80ಕ್ಕೆ ಬಂದಾಗ ಆ್ಯಪನ್ನು 40ಕ್ಕೆ ಇಟ್ಟು, ಆ ಟಿಕ್‌ಗಳನ್ನು ಎರಡು ಮತ್ತು ನಾಲ್ಕು ಅಂತ ಎಣಿಸಿ. ಒಂದು ಮತ್ತು ಮೂರನ್ನು ನೀವೇ ಹಾಕಿಕೊಳ್ಳಬೇಕಾಗುತ್ತೆ. ನುಡಿಸಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮಾರನೇ ದಿನ ಕೇಳಿ. ಆಗಲೇ ಕೇಳಿದರೆ ತಪ್ಪು ಗೊತ್ತಾಗುವುದು ಕಡಿಮೆ.

ತುಂಗೆಯ ದಡ (ತೀರ್ಥಹಳ್ಳಿ):

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಮನಸಾರೆ ಧನ್ಯವಾದ.

ಕೊಟ್ಟಿಗೆ ಬಾಗಿಲಿನ ಹಳೇ ಬೀಗ ಕಟ್ಟಿದೆ. ಮೊದಲು 56ಕ್ಕೆ ಹಾಕಿದ್ದೆ, ನನಗೆ ಜಾಸ್ತಿಯಾಯ್ತು. 99ಕ್ಕೆ ಇಳಿಸಿದೆ. ಮೊನ್ನೆ ಕರೆಂಟ್ ಇರಲಿಲ್ಲ, ಚಾರ್ಜರ್ ಲೈಟನ್ನು ಬೀಗದ ಹಿಂದೆ ನೆಲದ ಮೇಲಿಟ್ಟೆ. ಗೋಡೆ ಮೇಲೆ ಅದರ ನೆರಳು ಇಷ್ಟು ದೊಡ್ಡದಾಗಿ ಬಿತ್ತು, ಆ ಕಡೆ ಕ್ಯಾಲೆಂಡರಿನ ಅಂಚು ಮುಟ್ಟುತ್ತೆ, ಈ ಕಡೆ ಬಾಗಿಲ ಚೌಕಟ್ಟು ಮುಟ್ಟುತ್ತೆ. ಹೊರಗೆ ಮಳೆ ಸುರಿಯುತ್ತಿದೆ, ನನ್ನ ಗಿಟಾರ್ ನನಗೇ ಅರ್ಧ ಕೇಳುತ್ತಿದೆ, ಆದರೂ ತಪ್ಪಲಿಲ್ಲ. ಟಿಕ್ ಬಂದಾಗ ಆಗುತ್ತಿದ್ದ ಹೆದರಿಕೆ ಇದರಲ್ಲಿ ಇಲ್ಲ. ನೆರಳು ಬರುವುದು ಕಾಣುತ್ತದೆ, ಅದು ಅಂಚು ಮುಟ್ಟುವಾಗ ಕೈ ತಾನಾಗಿ ಇಳಿಯುತ್ತದೆ.

ಮಷೀನಿನ ಮಾತು ಮಾತ್ರ ನನ್ನ ಕಣ್ಣು ತೆರೆಸಿತು ಅಣ್ಣ. ಅಂಗಡಿಯಲ್ಲಿ ತುಳಿಯುತ್ತಾ ತಕದಿಮಿ ಹೇಳಿದೆ. ಲಂಗದ ಅಂಚಿನ ಉದ್ದ ಹೊಲಿಗೆಗೆ ಸರಿ ಹೋಗುತ್ತದೆ. ಕಾಲರಿನ ಮೂಲೆ ತಿರುಗಿಸುವಾಗ ಬಾಯಿ ನಿಲ್ಲುತ್ತಿತ್ತು. ಯಾಕೆ ಅಂತ ಗಮನಿಸಿದರೆ, ಅಲ್ಲಿ ನಾನು ಉಸಿರು ಹಿಡಿಯುತ್ತೇನೆ. ರಾತ್ರಿ ಗಿಟಾರ್ ಹಿಡಿದಾಗ ನೋಡಿದೆ, ಜಿಯಿಂದ ಸಿಗೆ ಹೋಗುವಾಗಲೂ ಉಸಿರು ಹಿಡಿಯುತ್ತೇನೆ! ಈಗ ಬಾಯಲ್ಲಿ ತಕದಿಮಿ ಇರುವುದರಿಂದ ಹಿಡಿಯಲು ಆಗುವುದೇ ಇಲ್ಲ. ಭುಜವೂ ಸಡಿಲವಾಗಿದೆ. ರೆಕಾರ್ಡ್ ಕೇಳಿದೆ, ಪಲ್ಲವಿ ಸರಿ ಇದೆ, ಎರಡನೇ ಚರಣದಲ್ಲಿ ಇನ್ನೂ ಸ್ವಲ್ಪ ಓಡುತ್ತೇನೆ.

ಒಂದು ಅನುಮಾನ. ಮೂರರ ಎಣಿಕೆಯ ಹಾಡಿಗೆ ‘ತಕಿಟ’ ಹೇಳಿದರೆ ಮೊದಲ ‘ತ’ಕ್ಕೆ ಕೈ ಕೆಳಗೆ ಬರುತ್ತದೆ, ಮುಂದಿನ ‘ತ’ಕ್ಕೆ ಮೇಲೆ ಹೋಗಿಬಿಡುತ್ತದೆ. ಒತ್ತು ಕೊಡಲು ಬರುತ್ತಿಲ್ಲ. ಏನು ಮಾಡಲಿ?

ಮದ್ದಳೆಮನೆ (ಸಾಗರ):

ತುಂಬಾ ಖುಷಿಯಾಯ್ತು ತಂಗಿ. ಉಸಿರಿನ ವಿಷಯ ನನಗೂ ಹೊಳೆದಿರಲಿಲ್ಲ. ಆರು ತಂತಿಯವರ ಮಾತೂ ಕೇಳಿ, ವಾರಕ್ಕೊಮ್ಮೆ ಪರೀಕ್ಷೆ ಇರಲಿ.

ತಕಿಟಕ್ಕೆ ಮೂರೂ ಅಕ್ಷರ ಕೆಳಗೇ ಹೊಡೆಯಿರಿ. ಎರಡು ಅಕ್ಷರದ ನಡುವೆ ಕೈ ತಂತಿ ಮುಟ್ಟದೆ ಖಾಲಿ ಮೇಲೆ ಬರಲಿ. ‘ತ’ಕ್ಕೆ ದಪ್ಪ ತಂತಿಗಳ ಕಡೆ ಒತ್ತಿ, ‘ಕಿಟ’ಕ್ಕೆ ತೆಳು ತಂತಿಗಳ ಮೇಲೆ ಹಗುರವಾಗಿ. ಬೀಗವನ್ನು 99ರಲ್ಲೇ ಬಿಡಿ, ನೆರಳು ಒಂದು ಸಲ ಅಂಚು ಮುಟ್ಟಿದರೆ ಒಂದು ಅಕ್ಷರ. ನಾಲ್ಕು ದಿನ ಹೀಗೆ ಮಾಡಿ ರೆಕಾರ್ಡ್ ಇಲ್ಲೇ ಹಾಕಿ, ಕೇಳುತ್ತೇನೆ.