ಹಳೇ ಟ್ರ್ಯಾಕ್ಟರ್: ಕೀ ತಿರುಗಿಸಿದರೆ ‘ಟಕ್’ ಮಾತ್ರ

ಪ್ರಶ್ನೆ (ಬದಿಯಡ್ಕ): ಮೂರು ಸಿಲಿಂಡರ್ ಡೀಸೆಲ್. ಮಳೆಗಾಲವಿಡೀ ಸೋರುವ ಕೊಟ್ಟಿಗೆಯಲ್ಲಿ ನಿಂತಿತ್ತು. ಬ್ಯಾಟರಿ 12.6 ವೋಲ್ಟ್. ಸ್ಟಾರ್ಟರ್ (ಎಂಜಿನ್ ತಿರುಗಿಸುವ ಮೋಟಾರ್) ಬದಲಿಸಬೇಕೇ?

ಉತ್ತರ 1: ಈಗಲೇ ಬೇಡ. 12.6 ಲೋಡ್ ಇಲ್ಲದಾಗಿನ ಲೆಕ್ಕ. ಕೀ ತಿರುಗಿಸಿ ಹಿಡಿದಿರುವಾಗ 9.6ಕ್ಕಿಂತ ಇಳಿದರೆ ಬ್ಯಾಟರಿಯದೇ ಅನುಮಾನ. 12ರ ಮೇಲೆಯೇ ನಿಂತರೆ ಕರೆಂಟ್ ದಾರಿಯಲ್ಲಿ ಸಿಕ್ಕಿಕೊಂಡಿದೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಸ್ಟಾರ್ಟರಿನ ಮೈಗೆ ಇಟ್ಟು ಕೀ ತಿರುಗಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ನೆಗೆಟಿವನ್ನು ಟ್ರ್ಯಾಕ್ಟರಿನ ಮೈಗೆ ಜೋಡಿಸುವ ಅರ್ತ್ ಪಟ್ಟಿಯದೇ ತಕರಾರು. ನಮ್ಮ ಕಡೆಯ ತೇವಕ್ಕೆ ಬೋಲ್ಟಿನಡಿ ಹಸಿರು ಕಿಲುಬು ಕೂರುತ್ತದೆ, ಮೇಲಿಂದ ಕಾಣದು. ಬಿಚ್ಚಿ, ಲೋಹ ಹೊಳೆಯುವಷ್ಟು ಉಜ್ಜಿ.

ಉತ್ತರ 2: ಅರ್ತ್ ಸರಿಯಿದ್ದರೆ ಸೊಲೆನಾಯ್ಡಿನ (ಸ್ಟಾರ್ಟರಿಗೆ ಕರೆಂಟ್ ಬಿಡುವ ಸ್ವಿಚ್) ಎರಡು ದಪ್ಪ ಬೋಲ್ಟುಗಳ ನಡುವೆ ಅಳೆಯಿರಿ. ಟಕ್ ಅಂದ ಮೇಲೂ 12 ತೋರಿಸಿದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ.

ಉತ್ತರ 3: ಸೋರುವ ಕೊಟ್ಟಿಗೆ ಅಂದಿರಲ್ಲ, ಸೈಲೆನ್ಸರಿನ ಬಾಯಿ ಮುಚ್ಚಿತ್ತೇ? ಇಲ್ಲದಿದ್ದರೆ ಅಲ್ಲಿಂದ ಮಳೆನೀರು ಎಂಜಿನ್ ಒಳಗೆ ಇಳಿದಿರಬಹುದು. ಮೊದಲು ನ್ಯೂಟ್ರಲ್‌ಗೆ ಹಾಕಿ, ಎಂಜಿನ್ ಮುಂದಿನ ಪುಲ್ಲಿ ಬೋಲ್ಟಿಗೆ ಪಾನಾ ಹಾಕಿ ಮೆಲ್ಲಗೆ ತಿರುಗಿಸಿ. ಗಟ್ಟಿಯಾಗಿ ತಡೆದರೆ ಸಿಲಿಂಡರಿನಲ್ಲಿ ನೀರಿರಬಹುದು. ಬಲವಂತ ಮಾಡಿದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿ ನೋಡಿ.