ಮಗ ಕಂಟ್ರಿ ಹಾಡು ಕೇಳುತ್ತಾನಾ? ಕೇಳಲಿ ಬಿಡಿ, ನೀವೂ ಜೊತೆಗೆ ಕೂತುಕೊಳ್ಳಿ

ಕಳೆದ ವಾರ ಹೊರದೇಶದಲ್ಲಿರುವ ಕನ್ನಡ ಪೋಷಕರ ನಮ್ಮ ಈ ಗುಂಪಿನಲ್ಲಿ ಒಬ್ಬ ಅಮ್ಮ ಕೇಳಿದ ಪ್ರಶ್ನೆಗೆ ಬಂದ ಉತ್ತರಗಳನ್ನೆಲ್ಲ ಓದಿದೆ. ಅವರು ಈಗಷ್ಟೇ ಬೆಂಗಳೂರಿನಿಂದ ಅಮೆರಿಕದ ಟೆನೆಸಿ ರಾಜ್ಯಕ್ಕೆ ಬಂದವರು. ಏಳನೇ ಕ್ಲಾಸಿನ ಮಗ ಹೊತ್ತಿಲ್ಲ ಗೊತ್ತಿಲ್ಲ ಕಂಟ್ರಿ ಹಾಡು, ಅಂದರೆ ಇಲ್ಲಿನ ದಕ್ಷಿಣದ ಹಳ್ಳಿಗಾಡಿನಿಂದ ಬಂದ ಹಾಡು, ಹಾಕಿಕೊಂಡು ಕೂರುತ್ತಾನಂತೆ. 'ಇದು ಬಿಳಿಯರ ಸಂಗೀತ ಅಲ್ವಾ? ಕುಡಿತ, ಟ್ರಕ್ಕು, ಬಂದೂಕು ಬಿಟ್ಟರೆ ಅದರಲ್ಲಿ ಏನಿದೆ? ಹೀಗೇ ಆದರೆ ಕನ್ನಡದ ಹಾಡು ಅವನ ಕಿವಿಗೆ ಬೀಳುವುದು ಯಾವಾಗ?' ಅನ್ನುವುದು ಅವರ ಚಿಂತೆ. ಜಾಸ್ತಿ ಜನ 'ವಯಸ್ಸು, ತಾನಾಗೇ ಬಿಟ್ಟುಹೋಗುತ್ತೆ' ಎಂದು ಸಮಾಧಾನ ಹೇಳಿದ್ದೀರಿ. ನನಗೆ ಅದು ಬಿಟ್ಟುಹೋಗದಿರಲಿ ಅನ್ನಿಸುತ್ತದೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಬಿಡುವಿದ್ದಾಗ ಓದಿ.

ನಾವಿರುವುದು ಅದೇ ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ. ಇಲ್ಲಿ ಈ ಹಾಡು ಕಿವಿಗೆ ಬೀಳದೆ ದಿನ ಕಳೆಯುವುದೇ ಕಷ್ಟ. ಕಂಟ್ರಿ ಸ್ಟೇಷನ್‌ಗಳಲ್ಲಿ ಹಗಲಿಡೀ ಬರುವ ಹಾಡುಗಳ ಬಗ್ಗೆ ಆ ಅಮ್ಮ ಹೇಳಿದ್ದರಲ್ಲಿ ಹುರುಳಿದೆ. ಟ್ರಕ್ಕು, ಬಿಯರ್, ಶುಕ್ರವಾರ ರಾತ್ರಿ, ಮತ್ತೆ ಟ್ರಕ್ಕು. ಅವು ನನಗೂ ಬೇಡ. ಆದರೆ ಕಂಟ್ರಿ ಅಂದರೆ ಅಷ್ಟೇ ಎಂದುಕೊಂಡರೆ ದೊಡ್ಡ ಖಜಾನೆಯೊಂದು ಕೈತಪ್ಪುತ್ತದೆ. ರೇಡಿಯೊದ ಈ ಭರಾಟೆಯಿಂದ ಆಚೆ ನಿಂತು, ಹಳೆ ಕಂಟ್ರಿ, ಜಾನಪದ, ಕಪ್ಪು ಜನರ ಬ್ಲೂಸ್ ಹಾಡು ಎಲ್ಲದರ ಬೇರು ಹಿಡಿದು ಹಾಡುವವರಿದ್ದಾರೆ. ಅವರ ಸಂಗೀತವನ್ನು ಈಗ ಅಮೆರಿಕಾನಾ ಅನ್ನುತ್ತಾರೆ. 1999ರಲ್ಲಿ ಇದಕ್ಕೆಂದೇ ನ್ಯಾಶ್‌ವಿಲ್‌ನಲ್ಲಿ ಒಂದು ಸಂಘ ಹುಟ್ಟಿತು. 2010ರಿಂದ ಗ್ರ್ಯಾಮಿ ಸಂಗೀತ ಪ್ರಶಸ್ತಿಗಳಲ್ಲಿ ಅದಕ್ಕೆ ಪ್ರತ್ಯೇಕ ವಿಭಾಗವೂ ಇದೆ. ಮಗನಿಗೆ ರುಚಿ ಹತ್ತಿದೆ ಅಂದಮೇಲೆ ಅವನನ್ನು ಅತ್ತ ಕರೆದುಕೊಂಡು ಹೋಗಿ.

ಇನ್ನು 'ಬಿಳಿಯರ ಸಂಗೀತ' ಅನ್ನುವ ಮಾತು. ಇದನ್ನು ನಮ್ಮ ಮಕ್ಕಳಿಗೆ ಸರಿಯಾಗಿ ಹೇಳಿಕೊಡಲೇಬೇಕು. ಬ್ಯಾಂಜೊ ಬಂದದ್ದು ಆಫ್ರಿಕಾದ ಕಡೆಯಿಂದ. ಗುಲಾಮರಾಗಿ ಹಡಗು ಹತ್ತಿಸಲ್ಪಟ್ಟವರು ಸೋರೆಬುರುಡೆಗೆ ಚರ್ಮ ಬಿಗಿದು, ಕೋಲು ಕಟ್ಟಿ ಮಾಡಿಕೊಂಡ ವಾದ್ಯ ಅದು. ನ್ಯಾಶ್‌ವಿಲ್‌ನಲ್ಲಿ 1925ರಿಂದ ಇವತ್ತಿನವರೆಗೆ ನಡೆದುಬಂದಿರುವ ಗ್ರ್ಯಾಂಡ್ ಓಲ್ ಆಪ್ರಿ ರೇಡಿಯೊ ಕಾರ್ಯಕ್ರಮಕ್ಕೆ ಆ ಹೆಸರು ಬಿದ್ದದ್ದು 1927ರ ಡಿಸೆಂಬರಿನ ಒಂದು ಶನಿವಾರ ರಾತ್ರಿ. ಹೆಸರು ಹೇಳುವ ಮುಂಚೆ ಅಲ್ಲಿ ನುಡಿಸಿದವರು ಡಿಫೋರ್ಡ್ ಬೇಲಿ ಎಂಬ ಕಪ್ಪು ಕಲಾವಿದ. ಬರೀ ಮೌತ್ ಆರ್ಗನ್‌ನಲ್ಲಿ ಓಡುವ ರೈಲನ್ನೇ ಕೇಳಿಸುತ್ತಿದ್ದರು. 1941ರಲ್ಲಿ ಅವರನ್ನು ಅಲ್ಲಿಂದ ತೆಗೆದುಹಾಕಿದರು. ಆಮೇಲೆ ಅವರು ನ್ಯಾಶ್‌ವಿಲ್‌ನಲ್ಲೇ ಬೂಟ್ ಪಾಲಿಶ್ ಅಂಗಡಿ ಇಟ್ಟುಕೊಂಡು ಬದುಕಿದರು. ಕಂಟ್ರಿ ಸಂಗೀತದ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿದ್ದು 2005ರಲ್ಲಿ, ಅವರು ತೀರಿಕೊಂಡು ಇಪ್ಪತ್ತಕ್ಕೂ ಹೆಚ್ಚು ವರ್ಷ ಆದಮೇಲೆ. ಕಂಟ್ರಿಯ ಹೆಸರಾಂತ ಗಾಯಕ ಹ್ಯಾಂಕ್ ವಿಲಿಯಮ್ಸ್‌ಗೆ ಎಳೆಯ ವಯಸ್ಸಿನಲ್ಲಿ ಗಿಟಾರ್ ಹೇಳಿಕೊಟ್ಟವರು ರೂಫಸ್ ಪೇಯ್ನ್ ಎಂಬ ಬೀದಿ ಹಾಡುಗಾರ, ಅವರೂ ಕಪ್ಪು ಜನಾಂಗದವರು. ಕಪ್ಪು ಗಾಯಕ ಚಾರ್ಲಿ ಪ್ರೈಡ್ ಅವರ ಮೊದಲ ರೆಕಾರ್ಡುಗಳನ್ನು ಫೋಟೊ ಇಲ್ಲದೆ ರೇಡಿಯೊಗಳಿಗೆ ಕಳಿಸಿದ್ದರು, ಮೈಬಣ್ಣ ಗೊತ್ತಾಗಬಾರದು ಅಂತ. ಅದೇ ಪ್ರೈಡ್ 1971ರಲ್ಲಿ ಕಂಟ್ರಿ ಲೋಕದ ವರ್ಷದ ಕಲಾವಿದ ಪ್ರಶಸ್ತಿ ಪಡೆದರು.

ಈಗಿನವರಲ್ಲಿ ರಿಯಾನನ್ ಗಿಡೆನ್ಸ್ ಎಂಬ ಕಪ್ಪು ಹಾಡುಗಾರ್ತಿಯನ್ನು ಮಕ್ಕಳಿಗೆ ಕೇಳಿಸಿ. ಉತ್ತರ ಕ್ಯಾರೊಲಿನಾದವರು. ಜೋ ಥಾಂಪ್ಸನ್ ಎಂಬ ಹಿರಿಯ ಕಪ್ಪು ಫಿಡ್ಲರ್ (ಇಲ್ಲಿ ಪಿಟೀಲಿಗೆ ಫಿಡಲ್ ಅನ್ನುತ್ತಾರೆ) ಮನೆಗೆ ಹೋಗಿ, ಎದುರು ಕೂತು, ಕಿವಿಯಿಂದ ಕಿವಿಗೆ ಕಲಿತರು. 2023ರಲ್ಲಿ ಅವರು ಇನ್ನೊಬ್ಬರ ಜೊತೆ ಬರೆದ ಒಂದು ಆಪೆರಾಗೆ, ಅಂದರೆ ಸಂಗೀತ ನಾಟಕಕ್ಕೆ, ಪುಲಿಟ್ಜರ್ ಪ್ರಶಸ್ತಿ ಬಂತು. ಗುರುವಿನ ಮನೆಗೆ ಹೋಗಿ ಪಾಠ ಹೇಳಿಸಿಕೊಳ್ಳುವುದು ನಮಗೇನು ಹೊಸದಾ?

ಆದರೂ ಒಂದು ಮಾತು ಮುಚ್ಚಿಡುವುದಿಲ್ಲ. ಹಳ್ಳಿ ಕಡೆಯ ಕೆಲವು ಜಾತ್ರೆಗಳಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ಅಂತರ್ಯುದ್ಧಕ್ಕೆ ಇಳಿದ ದಕ್ಷಿಣದ ರಾಜ್ಯಗಳ ಹಳೆ ಬಾವುಟ ಹಾರಿಸಿದ್ದನ್ನು ನೋಡಿದ್ದೇವೆ. ಜನ ನಮ್ಮನ್ನು ತಿರುಗಿ ತಿರುಗಿ ನೋಡಿದ್ದೂ ಇದೆ. ಅಲ್ಲಿಂದ ಸುಮ್ನೆ ಎದ್ದು ಬಂದಿದ್ದೇವೆ, ಮಕ್ಕಳಿಗೆ ಯಾಕೆ ಅಂತಲೂ ಹೇಳಿದ್ದೇವೆ. ಹೊಸಬರು ಮೊದಲು ಲೈಬ್ರರಿ, ಪಾರ್ಕು, ಮ್ಯೂಸಿಯಂಗಳಲ್ಲಿ ನಡೆಯುವ ಕಾರ್ಯಕ್ರಮಗಳಿಂದ ಶುರುಮಾಡಿ.

ಪಿಟೀಲು ಕಲಿಯುವ ಮಕ್ಕಳಿರುವ ಮನೆಯವರಿಗೆ ಒಂದು ವಿಷಯ ವಿವರವಾಗಿ ಹೇಳಬೇಕು. ನನ್ನ ಮಗಳು ಮೈಸೂರಿನ ಮೇಷ್ಟ್ರ ಹತ್ತಿರ ಆನ್‌ಲೈನ್‌ನಲ್ಲಿ ಕರ್ನಾಟಕ ಸಂಗೀತದ ಪಿಟೀಲು ಕಲಿಯುತ್ತಾಳೆ. ನಮ್ಮ ತಂತಿಗಳ ಶ್ರುತಿ ಸ-ಪ-ಸ-ಪ, ನಿಮಗೆಲ್ಲ ಗೊತ್ತು. ಇಲ್ಲಿನ ಶಾಲೆಗಳ ಆರ್ಕೆಸ್ಟ್ರಾದಲ್ಲಿ ಅದು ಜಿ-ಡಿ-ಎ-ಇ. ಎರಡೂ ಕಡೆ ಕಲಿಯುವ ಮಕ್ಕಳು ಬೆರಳು ಎಲ್ಲಿಡಬೇಕು ಅಂತ ಒದ್ದಾಡುತ್ತಾರೆ. ಆದರೆ ಅಪಲೇಚಿಯ ಬೆಟ್ಟಸೀಮೆಯ ಹಳೆ ಫಿಡಲ್‌ನವರು ಎ ಶ್ರುತಿಯ ಎಷ್ಟೋ ಧುನ್‌ಗಳಿಗೆ ಕೆಳಗಿನ ಎರಡು ತಂತಿಯನ್ನು ಒಂದೊಂದು ಸ್ವರ ಏರಿಸಿ ಎ-ಇ-ಎ-ಇ ಮಾಡಿಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ: ಎ ಅನ್ನು ಸ ಅಂದುಕೊಂಡರೆ ಇ ಪಂಚಮ. ಅಂದರೆ ಸ-ಪ-ಸ-ಪ! ಇಲ್ಲಿ ಜ್ಯಾಮ್ ಅಂತ ಎಲ್ಲರೂ ಸೇರಿ ನುಡಿಸುವ ಕೂಟ ನಡೆಯುತ್ತದೆ. ಅಂಥ ಒಂದರಲ್ಲಿ ನಮ್ಮೂರಿನ ಹಿರಿಯ ಫಿಡ್ಲರ್ ಒಬ್ಬರು ಬಿರಡೆ ತಿರುಗಿಸಿ ನಾಲ್ಕೂ ತಂತಿ ಮೀಟಿದ ಕೂಡಲೇ ಮಗಳು ನನ್ನ ಕಡೆ ತಿರುಗಿ ಕಣ್ಣರಳಿಸಿದಳು. ಅವಳ ಬೆರಳಿಗೆ ಆ ದಾರಿ ಆಗಲೇ ಗೊತ್ತಿತ್ತು.

ಅವರೆಲ್ಲ ಕುರ್ಚಿಯ ಮೇಲೆ ಕೂತು, ಕೆಲವರು ಫಿಡಲನ್ನು ಎದೆಗೆ ಆನಿಸಿಕೊಂಡು ನುಡಿಸುತ್ತಾರೆ. ಇವಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತಲೆಯನ್ನು ಕಾಲಿನ ಗಂಟಿಗೆ ಆನಿಸಿ ಕೂತಳು. ಯಾರೂ ಏನೂ ಅನ್ನಲಿಲ್ಲ. ಒಂದು ಧುನ್‌ನಲ್ಲಿ ಸಾಮಾನ್ಯವಾಗಿ ಎರಡು ಭಾಗ, ಒಂದೊಂದನ್ನೂ ಎರಡೆರಡು ಸಲ ನುಡಿಸುತ್ತಾರೆ. ಮತ್ತೆ ಮೊದಲಿಂದ. ಹೀಗೆ ಹತ್ತಾರು ಸುತ್ತು. ಹಾಳೆಯಲ್ಲಿ ಬರೆದುಕೊಂಡದ್ದೇನೂ ಇರುವುದಿಲ್ಲ, ಬಾರದವರಿಗೂ ಐದಾರು ಸುತ್ತಿಗೆ ಕೈ ಕೂಡುತ್ತದೆ. ಓಲ್ಡ್ ಟೈಮ್, ಅಂದರೆ ಈ ಹಳೆ ಫಿಡಲ್ ಸಂಗೀತದ ಜ್ಯಾಮ್‌ನಲ್ಲಿ ಎಲ್ಲರೂ ಒಟ್ಟಿಗೆ ಅದೇ ಧುನ್ ನುಡಿಸುತ್ತಾರೆ. ಅದರಿಂದ ಬೆಳೆದ ಬ್ಲೂಗ್ರಾಸ್ ಸಂಗೀತದ ಜ್ಯಾಮ್‌ನಲ್ಲಾದರೆ ಒಬ್ಬೊಬ್ಬರಿಗೂ ಸರದಿ ಬರುತ್ತದೆ, ಉಳಿದವರು ದನಿ ತಗ್ಗಿಸಿ ಒತ್ತಾಸೆ ಕೊಡುತ್ತಾರೆ. ಮಗಳಿಗೆ ಕಷ್ಟವಾದದ್ದು ಕಮಾನು. ಬಲಗೈಯಲ್ಲೇ ತಾಳ ಹುಟ್ಟಬೇಕು, ಸಣ್ಣ ಸಣ್ಣ ಎಳೆತ. ಎರಡು ತಂತಿ ಒಟ್ಟಿಗೆ ಉಜ್ಜಿ ಶ್ರುತಿ ಹಿಡಿದಿಡಬೇಕು. ಇದನ್ನು ಕಲಿತಮೇಲೆ ಅವಳು ನುಡಿಸುವ ವರ್ಣದ (ಅಭ್ಯಾಸದ ಕೃತಿ) ಎರಡನೇ ಕಾಲ, ಅಂದರೆ ದುಪ್ಪಟ್ಟು ವೇಗವೂ ಗಟ್ಟಿಯಾಯಿತು ಎಂದು ಮೈಸೂರಿನ ಮೇಷ್ಟ್ರೇ ಹೇಳಿದರು.

ಹಿಂದೂಸ್ತಾನಿ ಪ್ರಿಯರಿಗೆ ಒಂದು ಸಣ್ಣ ಮಾತು. ಕಂಟ್ರಿ ಹಾಡಿನಲ್ಲಿ ಅಳುವಂತೆ ಜಾರುವ ಸ್ಟೀಲ್ ಗಿಟಾರ್ ಇದೆಯಲ್ಲ, ಅದರ ಮೂಲ ಹವಾಯಿ. ಅದೇ ಹವಾಯಿಯ ಗಿಟಾರ್ ಕಲ್ಕತ್ತೆಗೂ ಬಂದು, ನಮ್ಮ ರಾಗಗಳಿಗೆ ಒಗ್ಗಿತು. ಅಂಥ ಗಿಟಾರ್ ನುಡಿಸುವ ವಿಶ್ವಮೋಹನ ಭಟ್ ಮತ್ತು ಇಲ್ಲಿನ ಗಿಟಾರ್ ವಾದಕ ರೈ ಕೂಡರ್ ಸೇರಿ 1993ರಲ್ಲಿ ತಂದ ಆಲ್ಬಮ್‌ಗೆ ಗ್ರ್ಯಾಮಿ ಬಂದದ್ದು ನೆನಪಿರಬಹುದು. ಮನೆಯಲ್ಲಿ ಅಜ್ಜ ಅಜ್ಜಿ ಬಂದಾಗ ಅದನ್ನು ಹಾಕಿ, ಮೊಮ್ಮಕ್ಕಳೂ ಕೂರುತ್ತಾರೆ.

'ಕನ್ನಡ ದೂರವಾಗುತ್ತೆ' ಅನ್ನುವ ಭಯಕ್ಕೆ ನನ್ನ ಉತ್ತರ ಜಾನ್ ಪ್ರೈನ್ ಎಂಬ ಹಾಡುಗಾರ. ಷಿಕಾಗೊ ಪಕ್ಕದ ಮೇವುಡ್‌ನಲ್ಲಿ ಮನೆಮನೆಗೆ ಟಪಾಲು ಹಂಚುತ್ತ ಹಾಡು ಕಟ್ಟಿದವರು. 1971ರ ಅವರ ಮೊದಲ ಆಲ್ಬಮ್‌ನಲ್ಲಿ 'ಪ್ಯಾರಡೈಸ್' ಅಂತ ಒಂದು ಹಾಡಿದೆ. ಪ್ಯಾರಡೈಸ್ ಕೆಂಟಕಿಯ ಮ್ಯೂಲೆನ್‌ಬರ್ಗ್ ಕೌಂಟಿಯ ಒಂದು ಸಣ್ಣ ಊರು. ಪ್ರೈನ್ ಅವರ ಅಪ್ಪ ಅಮ್ಮ ಆ ಕಡೆಯವರು. ಕಲ್ಲಿದ್ದಲಿಗಾಗಿ ನೆಲವನ್ನೇ ಬಗೆದು ತೆಗೆದರು, ಕೊನೆಗೆ ಊರೇ ಇಲ್ಲವಾಯಿತು. ಹಾಡಿನಲ್ಲಿ ಮಗು ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗು ಅಂತ ಕೇಳುತ್ತದೆ.

ನಾನು ಸಾಗರದ ಕಡೆಯವಳು. ನನ್ನ ಅಮ್ಮ ಹುಟ್ಟಿದ ಊರು ಲಿಂಗನಮಕ್ಕಿ ಹಿನ್ನೀರಿನಲ್ಲಿದೆ. 1964ರಲ್ಲಿ ಶರಾವತಿಗೆ ಅಣೆಕಟ್ಟೆ ಮುಗಿದಾಗ ಅಮ್ಮ ಸಣ್ಣ ಹುಡುಗಿ. ನಮ್ಮ ಮನೆಯಲ್ಲಿ 'ಮುಳುಗಡೆ' ಅನ್ನುವ ಮಾತು ಬಂದರೆ ದೊಡ್ಡವರು ಸುಮ್ಮನಾಗುತ್ತಿದ್ದರು. ಪ್ರೈನ್ ಹಾಡು ಮುಗಿದಮೇಲೆ ಕಾರಿನಲ್ಲಿ ಮಕ್ಕಳಿಗೆ ಇದನ್ನು ಹೇಳಿದೆ. ನಾಕ್ಸ್‌ವಿಲ್ ಪಕ್ಕದಲ್ಲೇ 1936ರಲ್ಲಿ ಮುಗಿದ ನಾರಿಸ್ ಡ್ಯಾಮ್ ಇದೆ, ಅಲ್ಲಿ ಲಾಯ್ಸ್‌ಟನ್ ಅನ್ನುವ ಊರು ಮುಳುಗಿದೆ, ಸುಮಾರು 3,000 ಕುಟುಂಬ ಎದ್ದು ಹೋಗಬೇಕಾಯಿತು, ಅವರ ಗೋರಿಗಳನ್ನೂ ಅಗೆದು ಬೇರೆ ಕಡೆ ಸಾಗಿಸಿದರು ಅಂತಲೂ ಹೇಳಿದೆ. ಆ ಕೆರೆಯಲ್ಲಿ ಮಕ್ಕಳು ಬೇಸಿಗೆಯಲ್ಲಿ ದೋಣಿ ಆಡಿದ್ದಾರೆ.

ಭಾನುವಾರದ ವಿಡಿಯೊ ಕಾಲ್‌ನಲ್ಲಿ ಮಗಳು ಅಜ್ಜಿಯನ್ನು ನೇರವಾಗಿ ಕೇಳಿದಳು, 'ಅಜ್ಜಿ, ನಿಮ್ಮನೆ ನೀರಲ್ಲಿ ಹೋಯ್ತಂತೆ?' ಅಮ್ಮ ಮೊದಲು ಮಾತು ಮರೆಸಲು ನೋಡಿದಳು. ಆಮೇಲೆ ಶುರುವಾಯಿತು. ಮನೆಯ ಕಂಬ, ಬಾಗಿಲು, ತೊಲೆ ಬಿಚ್ಚಿ ಲಾರಿಗೆ ಹೇರಿದ್ದು. ದನಗಳನ್ನು ನಡೆಸಿಕೊಂಡೇ ಹೋದದ್ದು. ಒಂದು ಹಸು ದಾರಿಯಿಂದ ತಪ್ಪಿಸಿಕೊಂಡು ಹಳೆ ಕೊಟ್ಟಿಗೆಗೇ ವಾಪಸ್ ಬಂದು ನಿಂತದ್ದು. ಅದನ್ನು ನಾನೇ ಮೊದಲ ಸಲ ಕೇಳಿದ್ದು. ಮಗಳು 'ಕೊಟ್ಟಿಗೆ ಅಂದ್ರೆ?', 'ತೊಲೆ ಅಂದ್ರೆ?' ಅಂತ ಕೇಳುತ್ತಲೇ ಇದ್ದಳು. ಈಗ ಪ್ರತಿ ಭಾನುವಾರ ಅಜ್ಜಿ ಮೊಮ್ಮಗಳ ಮಾತು ಊಟಕ್ಕೆ ಕರೆದರೂ ನಿಲ್ಲುವುದಿಲ್ಲ. ಕನ್ನಡ ಕ್ಲಾಸಿಗೆ ಕಳಿಸಿ, ಬೇಡ ಅನ್ನುವುದಿಲ್ಲ. ಆದರೆ ಮಕ್ಕಳಿಗೆ ನಮ್ಮನ್ನು ಕೇಳಬೇಕಾದ ಪ್ರಶ್ನೆಗಳು ಹುಟ್ಟಬೇಕಲ್ವಾ? ನಮ್ಮ ಮನೆಯಲ್ಲಿ ಅವು ಹುಟ್ಟಿದ್ದು ಕೆಂಟಕಿಯ ಹಾಡಿನಿಂದ.

ಅದೇ ಆಲ್ಬಮ್‌ನಲ್ಲಿ 'ಹಲೋ ಇನ್ ದೇರ್' ಅಂತ ಇನ್ನೊಂದಿದೆ. ಮಕ್ಕಳೆಲ್ಲ ದೂರ ಹೋಗಿ, ಇಬ್ಬರೇ ಉಳಿದ ವಯಸ್ಸಾದ ಗಂಡ ಹೆಂಡತಿಯ ಹಾಡು. ಊರಲ್ಲಿ ಅಪ್ಪ ಅಮ್ಮ ಇಬ್ಬರೇ ಇರುವ ನಮ್ಮಂಥವರು ಅದನ್ನು ಕಾರು ಓಡಿಸುತ್ತ ಕೇಳಬೇಡಿ. ಪ್ರೈನ್ 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡರು.

ಚಿಕ್ಕ ಮಕ್ಕಳಿರುವವರಿಗೆ ಕಂಟ್ರಿ ಗಾಯಕಿ ಡಾಲಿ ಪಾರ್ಟನ್. ನಮ್ಮಿಂದ ಗಂಟೆಯೊಳಗಿನ ದಾರಿ ಅವರ ಸೆವಿಯರ್ ಕೌಂಟಿ. ಅಲ್ಲಿನ ಕೋರ್ಟಿನ ಮುಂದೆ ಗಿಟಾರ್ ಹಿಡಿದು ಬರಿಗಾಲಲ್ಲಿ ಕೂತಿರುವ ಅವರ ಮೂರ್ತಿ ಇದೆ. ಬಡ ಮನೆಯ ಅಮ್ಮ ಕೌದಿ ಹೊಲಿದ ಹಾಗೆ ಬಣ್ಣಬಣ್ಣದ ಚಿಂದಿ ಸೇರಿಸಿ ಮಗಳಿಗೆ ಕೋಟು ಹೊಲಿದ ಅವರ 1971ರ ಹಾಡು ನಾಲ್ಕೈದು ವರ್ಷದ ಮಕ್ಕಳಿಗೂ ಅರ್ಥವಾಗುತ್ತದೆ. ಹಾಡಿಗಿಂತ ದೊಡ್ಡ ಉಪಕಾರ ಅವರ ಇಮ್ಯಾಜಿನೇಷನ್ ಲೈಬ್ರರಿ. ಡಾಲಿಯವರ ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಆ ನೆನಪಿಗೆ 1995ರಲ್ಲಿ ತಮ್ಮ ಕೌಂಟಿಯಲ್ಲಿ ಶುರುಮಾಡಿದರು. ಹುಟ್ಟಿದ ಮಗುವಿನಿಂದ ಐದು ವರ್ಷದವರೆಗೆ ತಿಂಗಳಿಗೊಂದು ಪುಸ್ತಕ, ಮಗುವಿನ ಹೆಸರಿಗೇ ಅಂಚೆಯಲ್ಲಿ ಬರುತ್ತದೆ. ದುಡ್ಡು ಕೊಡಬೇಕಿಲ್ಲ, ಅಪ್ಪ ಅಮ್ಮನ ಸಂಬಳ ಎಷ್ಟು ಅಂತ ಕೇಳುವುದೂ ಇಲ್ಲ. ಟೆನೆಸಿಯಲ್ಲಿ ಎಲ್ಲಾ ಕಡೆ ಸಿಗುತ್ತದೆ. ಬೇರೆ ರಾಜ್ಯದವರು ಮತ್ತು ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾದವರು ನಿಮ್ಮ ಏರಿಯಾಕ್ಕೆ ಇದೆಯಾ ಅಂತ ಅವರ ವೆಬ್‌ಸೈಟಿನಲ್ಲಿ ನೋಡಿ. ಹೊಸದಾಗಿ ಬಂದವರು ಇವತ್ತೇ ಮಗುವಿನ ಹೆಸರು ಸೇರಿಸಿ.

ಹರೆಯದ ಮಕ್ಕಳಿಗೆ ಗಾಯಕ ಜೇಸನ್ ಇಸ್ಬೆಲ್. ಕುಡಿತ ಬಿಟ್ಟಮೇಲೆ ಮಾಡಿದ ಅವರ 2013ರ 'ಸೌತ್‌ಈಸ್ಟರ್ನ್' ಕೇಳಿಸಿದರೆ, ಕುಡಿತದ ಬಗ್ಗೆ ನಾವು ಕೊಡುವ ಭಾಷಣದ ಅಗತ್ಯವೇ ಬೀಳುವುದಿಲ್ಲ. ಟೈಲರ್ ಚೈಲ್ಡರ್ಸ್ 2020ರಲ್ಲಿ ತಂದ ಆಲ್ಬಮ್‌ನಲ್ಲಿ ಹೆಚ್ಚಿನವು ಫಿಡಲ್ ಧುನ್‌ಗಳು. ಕೊನೆಯದೊಂದು ಮಾತ್ರ ಕಪ್ಪು ಜನರಿಗಾಗುವ ಅನ್ಯಾಯದ ಬಗ್ಗೆ, ಬಿಳಿಯ ಹಳ್ಳಿ ಹುಡುಗ ತನ್ನ ಜನರಿಗೇ ಹೇಳುವ ಹಾಡು. ಆ ಪ್ರಶ್ನೆ ಕೇಳಿದ ಅಮ್ಮನ ಮಗನಿಗೆ ನಾನು ಮೊದಲು ಕೊಡುವುದು ಇದನ್ನೇ. ಭಾವಗೀತೆ ಇಷ್ಟಪಡುವ ದೊಡ್ಡವರು ಗಿಲಿಯನ್ ವೆಲ್ಚ್ ಕೇಳಿ. ಹೆಚ್ಚಾಗಿ ಎರಡು ಗಿಟಾರ್, ಎರಡು ಗಂಟಲು, ಅಷ್ಟೇ. ಇಡೀ ಕಥೆ ಬೇಕು ಅನ್ನುವವರು ಕೆನ್ ಬರ್ನ್ಸ್ ಅವರ 2019ರ ಸಾಕ್ಷ್ಯಚಿತ್ರ ನೋಡಿ. ಎಂಟು ಕಂತು, ಚಳಿಗಾಲದ ರಜೆಗೆ ಸರಿಹೋಗುತ್ತದೆ.

ಹೋಗಿ ಬರುವ ಜಾಗಗಳಲ್ಲಿ ನನಗೆ ಬಹಳ ಇಷ್ಟವಾದದ್ದು ವರ್ಜೀನಿಯಾದ ಹಿಲ್ಟನ್ಸ್‌ನಲ್ಲಿರುವ ಕಾರ್ಟರ್ ಫೋಲ್ಡ್ ಎಂಬ ಸಂಗೀತದ ಹಾಲ್. 1927ರಲ್ಲಿ ಬ್ರಿಸ್ಟಲ್‌ನಲ್ಲಿ ಮೊದಲ ರೆಕಾರ್ಡ್ ಮಾಡಿದ, ಹಳೆ ಕಂಟ್ರಿ ಹಾಡುಗಾರರಾದ ಕಾರ್ಟರ್ ಕುಟುಂಬದ ಊರಿನ ಕಡೆ ಅದು. ಶನಿವಾರ ಸಂಜೆ ಹಾಡು, ಮೈಕ್ ಬಿಟ್ಟರೆ ಕರೆಂಟಿನ ವಾದ್ಯ ಇಲ್ಲ, ಹೆಂಡ ಇಲ್ಲ. ಮುಂದೆ ಮರದ ನೆಲದಲ್ಲಿ ಎಪ್ಪತ್ತರ ಅಜ್ಜಂದಿರು ಬೂಟಿಗೆ ಲೋಹದ ತಟ್ಟೆ ಬಡಿಸಿಕೊಂಡು ಕುಣಿಯುತ್ತಾರೆ, ಮಕ್ಕಳೂ ನುಗ್ಗುತ್ತಾರೆ. ಷಾರ್ಲೆಟ್ ಕಡೆಯವರಿಗೆ ಏಪ್ರಿಲ್ ಕೊನೆಯಲ್ಲಿ ವಿಲ್ಕ್ಸ್‌ಬರೊದ ಮರ್ಲ್‌ಫೆಸ್ಟ್ ಸಂಗೀತ ಉತ್ಸವ ಇದೆ. ಬೇ ಏರಿಯಾದವರಿಗೆ ಅಕ್ಟೋಬರ್ ಮೊದಲಲ್ಲಿ ಗೋಲ್ಡನ್ ಗೇಟ್ ಪಾರ್ಕಿನ ಹಾರ್ಡ್ಲಿ ಸ್ಟ್ರಿಕ್ಟ್ಲಿ ಬ್ಲೂಗ್ರಾಸ್ ಉತ್ಸವ, ಅದಕ್ಕೆ ಟಿಕೆಟ್ಟೇ ಇಲ್ಲ.

ಟೆಕ್ಸಾಸಿನ ಬಗ್ಗೆ ನಾನು ಏನೂ ಬರೆದಿಲ್ಲ. ಆಸ್ಟಿನ್, ಡಲ್ಲಾಸ್ ಕಡೆ ವರ್ಷಗಟ್ಟಲೆ ಇರುವವರು ಈ ಗುಂಪಿನಲ್ಲೇ ಬಹಳ ಜನ ಇದ್ದೀರಿ. ಅಲ್ಲಿನ ಹಳೆ ಡಾನ್ಸ್ ಹಾಲ್‌ಗಳಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಬಹುದಾದವು ಯಾವುವು, ಸಂಜೆ ಎಷ್ಟು ಹೊತ್ತಿಗೆ ಹೋದರೆ ಚೆನ್ನ, ದಯವಿಟ್ಟು ಕೆಳಗೆ ಬರೆಯಿರಿ.